ಇಟಲಿಯ ಪುಸ್ತಕ, ತರಕಾರಿ ಪುಸ್ತಕ ಮತ್ತು ನಮ್ಮಕ್ಕ

ಆ ವರ್ಷ ಅವರೆಕಾಯಿ ಕಾಲ ಶುರುವಾಗುವ ಹೊತ್ತಿಗೆ, ಒಂದು ಸೋಮವಾರ ಸಂಜೆ, ಅಕ್ಕ ಕೊಳ್ಳೇಗಾಲದ ನನ್ನ ಮನೆಗೆ ಬಂದಳು. ಹೆಗಲಲ್ಲಿ ಬಟ್ಟೆ ಚೀಲ ತೂಗುತ್ತಿತ್ತು. ಎಂದಿನಂತೆ ಸೊಪ್ಪು ತಂದಿದ್ದಾಳೆ ಅಂದುಕೊಂಡೆ. ಅವಳು ಚೀಲದಿಂದ ಎರಡು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು ನಾನು ತಿದ್ದುತ್ತಿದ್ದ ಉತ್ತರ ಪತ್ರಿಕೆಗಳ ಮೇಲೆ ಇಟ್ಟಳು.

"ಓದ್ಲಾ. ಇಸ್ಕೂಲಲ್ಲಿ ಮಕ್ಳಿಗೆ ಇಂಗ್ಲೀಸು ಯೋಳ್ಕೊಡ್ತೀಯಲ್ಲ, ಈಗ ನಂಗೂ ಯೋಳು."

ಎರಡೂ ಅಡುಗೆ ಪುಸ್ತಕಗಳು.

ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟವಳು. ನಮ್ಮೂರು ಲೊಕ್ಕನಹಳ್ಳಿಯ ಶಾಲೆಯಲ್ಲಿ ಬಹಳ ವರ್ಷ ಬಿಸಿಯೂಟ ಬೇಯಿಸಿದಳು. ಕುದಿಯುವ ಸಾರಿನ ಹಬೆಗೆ ಮುಖ ಒಡ್ಡಿ ಉಪ್ಪು ಸಾಕೋ ಸಾಲದೋ ಹೇಳಿಬಿಡುತ್ತಿದ್ದಳು. ಭಾವನಿಗೆ ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ದಾರಿಯ ಒಂದು ಅತಿಥಿಗೃಹದಲ್ಲಿ ತೋಟದ ಕೆಲಸ ಸಿಕ್ಕಿದಾಗ ಇಬ್ಬರೂ ಅಲ್ಲಿಗೇ ಹೋದರು. ಅಕ್ಕ ಅಲ್ಲಿನ ಅಡುಗೆಮನೆ ಹಿಡಿದಳು. ಕಾಡು ನೋಡಲು ಬರುವವರಿಗೆ ಅನ್ನ, ಸಾರು, ಚಪಾತಿ, ಪನೀರು. ಸೋಮವಾರ ಅವಳಿಗೆ ರಜೆ.

ಅತಿಥಿಗೃಹದ ಒಡತಿ ಮೈಸೂರಿನವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ಬಂದವರು ಎಲ್ಲ ಕಡೆಯೂ ಇದೇ ಪನೀರು ತಿಂದು ಬೇಸತ್ತಿದ್ದಾರೆ ಅಂತ ಅವರಿಗೆ ಅನ್ನಿಸಿತ್ತು. ತಮ್ಮ ಮನೆಯ ಕಪಾಟಿನಿಂದ ಈ ಎರಡು ಪುಸ್ತಕ ತಂದು, "ನೋಡಮ್ಮ, ಒಂದು ಇಟಲಿಯವರ ಹಳೇ ಅಡುಗೆ, ಇನ್ನೊಂದು ಬರೀ ತರಕಾರಿದು, ಹೊಸದು. ಯಾವುದಾದ್ರೂ ಒಂದನ್ನ ಹಿಡಿ. ಸಂಕ್ರಾಂತಿ ರಜಕ್ಕೆ ಶನಿವಾರದ ರಾತ್ರಿ ಊಟ ಅದರಲ್ಲೇ ಆಗ್ಬೇಕು. ಆಗಲ್ಲ ಅಂದ್ರೆ ಹೇಳಿಬಿಡು, ಮೈಸೂರಿಂದ ಶೆಫ್ ಕರೆಸ್ತೀನಿ," ಅಂದಿದ್ದರಂತೆ.

"ನೀನೇನಂದೆ?"

"ಆಯ್ತದೆ ಮೇಡಂ ಅಂದೆ."

"ಓದಕ್ಕೇ ಬರಲ್ಲ, ಎಂಗೆ ಆಯ್ತದೆ ಅಂದ್ಬುಟ್ಟೆ?"

"ನೀನಿಲ್ವಾ?" ಅಂದಳು. ನನ್ನ ಹೆಂಡತಿಗೆ ಹುಣಸೂರಿಗೆ ವರ್ಗವಾಗಿತ್ತು, ಅವಳು ಬರುತ್ತಿದ್ದುದು ಭಾನುವಾರಕ್ಕೆ ಮಾತ್ರ. ಆವತ್ತಿನಿಂದ ಸೋಮವಾರದ ನನ್ನ ಅಡುಗೆಮನೆ ಅಕ್ಕನದಾಯಿತು.

ಮೊದಲು ಹಳೆಯದನ್ನು ತೆರೆದೆವು. ಅದರಲ್ಲಿ ಒಂದು ಚಿತ್ರವೂ ಇರಲಿಲ್ಲ. ಬರೆದಾಕೆಯ ಹೆಸರಿದ್ದ ಪುಟ ಹರಿದುಹೋಗಿತ್ತು. ಪುಟಗಳ ಅಂಚಿಗೆ ಯಾರದೋ ಎಣ್ಣೆ ಬೆರಳಿನ ಗುರುತುಗಳು. ಮೊದಲು ಸೂಪುಗಳು, ಆಮೇಲೆ ಹಿಟ್ಟಿನ ಶಾವಿಗೆಯ ನೂರೆಂಟು ಬಗೆ, ಅನ್ನ, ಮೀನು, ಮಾಂಸ, ಎಲ್ಲ ಮುಗಿದ ಮೇಲೆ ಒಂದು ಸಣ್ಣ ಅಧ್ಯಾಯ ತರಕಾರಿಗೆ. ಅದೂ ಮಾಂಸದ ಪಕ್ಕಕ್ಕೆ ಬಡಿಸಲು. ನಾನು ಪರಿವಿಡಿ ಓದಿ ಹೇಳಿದ್ದನ್ನು ಕೇಳಿ ಅಕ್ಕ, "ತರ್ಕಾರಿನ ಕೊನೆ ಪಂಕ್ತಿಲಿ ಕೂರ್ಸವ್ರಲ್ಲ," ಅಂತ ಮುಖ ಕಿವುಚಿದಳು.

ಆದರೆ ಒಳಗಿನ ಮಾತು ಅವಳಿಗೆ ಹಿಡಿಸಿತು. ಆ ಇಟಲಿಯ ಹೆಂಗಸು ಕಾರಣ ಹೇಳುತ್ತಿರಲಿಲ್ಲ. ಈರುಳ್ಳಿ ಕೆಂಪಾಗಕೂಡದು. ಟೊಮೆಟೊ ಹಾಕಿದ ಮೇಲೆ ಬೆಳ್ಳುಳ್ಳಿ ಹಾಕಕೂಡದು. ಮೀನಿನ ಮೇಲೆ ಚೀಸ್ ತುರಿಯುವವರಿಗೆ ಬುದ್ಧಿ ಹೇಳಬೇಕು. ಇದು ಹೀಗೇ, ಬೇರೆ ದಾರಿಯಿಲ್ಲ.

"ನಮ್ಮತ್ತೆ ತರ ಕಣ್ಲಾ ಇವ್ಳು," ಅಂದಳು ಅಕ್ಕ. "ಯಾಕೆ ಅಂತ ಯೋಳದೇ ಇಲ್ಲ. ಆದ್ರೆ ಮಾಡುದ್ರೆ ಸರಿಯಾಗಿರ್ತದೆ."

ನನಗೆ ಸಿಟ್ಟು ಬರುತ್ತಿತ್ತು. "ಎಣ್ಣೆ ಬೇಕಾದಷ್ಟು ಅಂತ ಬರ್ದವ್ಳೆ ಕಣಕ್ಕ. ಬೇಕಾದಷ್ಟು ಅಂದ್ರೆ ಎಷ್ಟು? ಬೆಂದಾಗ ಇಳಿಸಿ ಅಂತವ್ಳೆ. ಯಾವಾಗ ಬೇಯ್ತದೆ?"

"ಬೆಂದಾಗ ಬೇಯ್ತದೆ. ಮುಂದಕ್ ಓದು."

ಹೊಸ ಪುಸ್ತಕ ಇನ್ನೊಂದು ಲೋಕ. ಹೊಳೆಯುವ ಕಾಗದ, ಪುಟಕ್ಕೊಂದು ಬಣ್ಣದ ಚಿತ್ರ. ಒಂದೊಂದು ತರಕಾರಿಗೆ ಒಂದೊಂದು ಅಧ್ಯಾಯ: ಬದನೆಗೆ ಒಂದು, ಕುಂಬಳಕ್ಕೆ ಒಂದು, ಎಲೆಕೋಸಿಗೆ ಒಂದು. ಮಾಂಸದ ಸುದ್ದಿಯೇ ಇಲ್ಲ, ಇಲ್ಲವೆಂಬ ಕೊರಗೂ ಇಲ್ಲ. ಇಡೀ ಎಲೆಕೋಸನ್ನು ಮದುವಣಗಿತ್ತಿಯ ಹಾಗೆ ತಟ್ಟೆಯ ನಡುವೆ ಕೂರಿಸಿದ್ದ ಚಿತ್ರವನ್ನು ಅಕ್ಕ ಬಹಳ ಹೊತ್ತು ನೋಡಿದಳು. ಎಲ್ಲದಕ್ಕೂ ಗ್ರಾಂ ಲೆಕ್ಕ, ನಿಮಿಷದ ಲೆಕ್ಕ. ನನಗೆ ಆ ಪುಸ್ತಕವೇ ಇಷ್ಟವಾಯಿತು. ಆದರೆ ಅದನ್ನು ಬರೆದಾಕೆ ಒಂದೊಂದು ಅಡುಗೆಗೂ ಮೊದಲು ತಾನು ಅದನ್ನು ಎಲ್ಲಿ ತಿಂದೆ, ಆವತ್ತು ಯಾರು ಜೊತೆಗಿದ್ದರು, ಕಿಟಕಿಯಿಂದ ಏನು ಕಾಣುತ್ತಿತ್ತು ಎಂದು ಎರಡು ಪುಟ ಬರೆದಿದ್ದಳು. ನಾನು ಅದನ್ನೆಲ್ಲ ಶ್ರದ್ಧೆಯಿಂದ ಕನ್ನಡಕ್ಕೆ ತರುತ್ತಿದ್ದೆ.

"ಅದೆಲ್ಲ ಸರಿ. ಬದ್ನೆಕಾಯಿ ಯಾವಾಗ ಬತ್ತದೆ?" ಅಂದಳು ಅಕ್ಕ.

ಬದನೆಕಾಯಿ ಬಂದಾಗ ಜೊತೆಗೆ ಹದಿನೆಂಟು ಸಾಮಾನು ಬಂದವು. ಅದರಲ್ಲಿ ಒಂಬತ್ತು ಕೊಳ್ಳೇಗಾಲದಿಂದ ಪಾಲಾರ್ ತನಕ ಯಾವ ಅಂಗಡಿಯಲ್ಲೂ ಸಿಗುವಂಥವಲ್ಲ. ಮೂರರ ಹೆಸರು ನನಗೂ ಗೊತ್ತಿರಲಿಲ್ಲ.

ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನನಗೆ ಅಡುಗೆಯ ಇಂಗ್ಲಿಷ್ ಬರುವುದಿಲ್ಲ ಎಂಬುದು ಆ ಸೋಮವಾರಗಳಲ್ಲಿ ತಿಳಿಯಿತು. ಒಂದು ಕಡೆ ಕೆನೆಮೊಸರನ್ನು ಹಿಟ್ಟಿನೊಳಗೆ ಮೆಲ್ಲಗೆ ಸೇರಿಸುವುದಕ್ಕೆ ಅವರ ಭಾಷೆಯಲ್ಲಿ ಏನು ಅನ್ನುತ್ತಾರೋ ಆ ಮಾತನ್ನು ನಾನು ನೇರವಾಗಿ "ಮೊಸರನ್ನು ಮಡಚಿ" ಎಂದು ಹೇಳಿದೆ. ಅಕ್ಕ ಸೌಟು ಕೆಳಗಿಟ್ಟಳು.

"ಮೊಸರ್ನ ಎಂಗ್ಲಾ ಮಡ್ಚದು? ಅದೇನ್ ರೇಷ್ಮೆ ಸೀರೆನಾ?"

ಪಕ್ಕದ ಮನೆ ನೇಯ್ಗೆಯವರದು. ಗೋಡೆಯಾಚೆಯ ಮಗ್ಗದ ಸದ್ದು ಒಂದು ಕ್ಷಣ ನಿಂತು, ಅಲ್ಲಿಂದಲೂ ನಗು ಕೇಳಿಸಿತು. ಆಮೇಲೆ ನಾನು ಪದ ಹುಡುಕುವುದನ್ನು ಬಿಟ್ಟೆ. ಏನಾಗಬೇಕು ಅಂತ ಕೈಸನ್ನೆಯಲ್ಲಿ ತೋರಿಸುತ್ತಿದ್ದೆ, ಅಕ್ಕನೇ ಪದ ಕೊಡುತ್ತಿದ್ದಳು.

ಮೂರನೆಯ ವಾರ ಅಕ್ಕ ದುಡುಕಿದಳು. ಹಳೇ ಪುಸ್ತಕದಲ್ಲಿ ಅಕ್ಕಿಗೆ ಬೇಳೆ ಕಟ್ಟಿನಂಥ ತಿಳಿಯನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ, ತಿರುಗಿಸುತ್ತಾ, ಬೆಣ್ಣೆ ಬೆರೆಸಿ ಇಳಿಸುವ ಅಡುಗೆಯೊಂದಿತ್ತು. ಅದಕ್ಕೆ ಅವರ ದಪ್ಪ ಅಕ್ಕಿಯೇ ಆಗಬೇಕು ಎಂದು ಬರೆದಿತ್ತು. ನಾನು ಓದಿ ಹೇಳಿಯೂ ಇದ್ದೆ. ಅಕ್ಕ ಸೋನಾ ಮಸೂರಿಯಲ್ಲಿ ಮಾಡಿ ಶನಿವಾರ ಹತ್ತು ಜನ ಅತಿಥಿಗಳಿಗೆ ಬಡಿಸಿಬಿಟ್ಟಳು. ಅನ್ನ ಮುದ್ದೆಯಾಗಿತ್ತು. ಒಬ್ಬ ಹೆಂಗಸು ಎಲ್ಲರ ಮುಂದೆ, "ಪೊಂಗಲ್‌ಗೆ ಮೆಣಸು ಹಾಕೋದು ಮರೆತ್ರಾ?" ಅಂತ ಕೇಳಿದರಂತೆ. ಊಟದ ಕೋಣೆಯೆಲ್ಲ ನಕ್ಕಿತು. ಮರುದಿನ ಬೆಳಿಗ್ಗೆ ಮೇಡಂ ಮೈಸೂರಿಗೆ ಫೋನು ಮಾಡಿ ಯಾರೊಂದಿಗೋ, "ಹಬ್ಬ ಆದ ಮೇಲೆ ಬಂದುಬಿಡಿ," ಅಂದದ್ದು ಅಕ್ಕನ ಕಿವಿಗೆ ಬಿತ್ತು.

ಆ ಸೋಮವಾರ ಅವಳು ಅಳುತ್ತಾ ಬರಬಹುದೆಂದು ನಾನು ಸಮಾಧಾನದ ಮಾತು ಹುಡುಕಿ ಇಟ್ಟುಕೊಂಡಿದ್ದೆ. ಬಂದವಳು ಸೆರಗು ಸಿಕ್ಕಿಸಿ ಚಾಪೆಯ ಮೇಲೆ ಕೂತಳು.

"ತಪ್ಪು ನಂದೇ. ಅಕ್ಕಿ ಬ್ಯಾರೆ ಅಂತ ನೀನ್ ಯೋಳಿದ್ದೆ, ನಾನ್ ಕೇಳ್ಲಿಲ್ಲ. ಈಗ ಒಂದ್ ಕೆಲ್ಸ ಮಾಡು. ಪುಸ್ತಕ ಮೊದ್ಲಿಂದ ಓದು. ನಮ್ಮಲ್ಲಿ ಬೆಳಿಯೋ ಸಾಮಾನು ಎಲ್ಲೆಲ್ಲಿ ಬತ್ತದೋ ಅಲ್ಲಿ ನಿಲ್ಸು. ಮಿಕ್ಕದ್ದು ಬ್ಯಾಡ."

ನಾನು ಓದುತ್ತಾ ಹೋದೆ. ಎಷ್ಟೋ ಪುಟ ದಾಟಿದ ಮೇಲೆ ಹಳೇ ಪುಸ್ತಕದಲ್ಲಿ ಒಂದು ಪುಟ ಬಂತು. ದಪ್ಪ ತಳದ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು ಹಾಕಿ, ಮುಸುಕಿನ ಜೋಳದ ತರಿ ಹಿಟ್ಟನ್ನು ಒಂದು ಕೈಯಿಂದ ಸಣ್ಣಗೆ ಉದುರಿಸುತ್ತಾ ಇನ್ನೊಂದು ಕೈಯಿಂದ ಮರದ ಕೋಲಿನಲ್ಲಿ ತಿರುಗಿಸುತ್ತಲೇ ಇರಬೇಕು. ಮುಕ್ಕಾಲು ಗಂಟೆ. ಕೈ ನಿಂತರೆ ಗಂಟಾಗುತ್ತದೆ. ಬಡವರ ಮನೆಯಲ್ಲಿ ದಿನವೂ ಇದೇ ಊಟ.

ಅಕ್ಕ ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು, ಇಂಗ್ಲಿಷ್ ಓದಲು ಬರದಿದ್ದರೂ ಆ ಪುಟವನ್ನೇ ದಿಟ್ಟಿಸಿ ನೋಡಿದಳು.

"ಲೇ, ಇದು ಹಿಟ್ಟು ಕಣ್ಲಾ! ನಾವು ದಿನಾ ತೊಳ್ಸೋ ಹಿಟ್ಟು! ರಾಗಿ ಬದ್ಲು ಜ್ವಾಳ, ಅಷ್ಟೇಯ!"

ನಮ್ಮ ಕಡೆ ಮುದ್ದೆಯನ್ನು ಹಿಟ್ಟು ಅಂತಲೇ ಕರೆಯುವುದು, ಕೋಲಿನಿಂದ ತಿರುಗಿಸುವುದನ್ನು ತೊಳಸುವುದು ಅಂತ. ಹಿಟ್ಟು ತೊಳಸುವ ಕೈಗೆ ಇಟಲಿಯ ಪುಸ್ತಕದ ಅಪ್ಪಣೆ ಬೇಕಿರಲಿಲ್ಲ. ಜೋಳ ಬೇಕಿತ್ತು.

ಮುಂದಿನ ಸೋಮವಾರ ನಾನು ಸಿ.ಎಲ್. ಹಾಕಿದೆ. ಬೈಕಿನಲ್ಲಿ ಅಕ್ಕನನ್ನು ಕೂರಿಸಿಕೊಂಡು ಹನೂರು ದಾಟಿ, ಲೊಕ್ಕನಹಳ್ಳಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಕಾಫಿ ಕುಡಿದು, ಒಡೆಯರಪಾಳ್ಯಕ್ಕೆ ಹೋದೆವು. ಅಲ್ಲಿನ ಟಿಬೆಟಿಯನ್ನರ ಹೊಲಗಳಲ್ಲಿ ಜೋಳದ ಕಟಾವು ಮುಗಿದು ಅಂಗಳಗಳಲ್ಲಿ ತೆನೆ ಒಣಗುತ್ತಿತ್ತು. ಆನೆ ನುಗ್ಗಿ ತುಳಿದು ಉಳಿದದ್ದು ಇಷ್ಟು ಅಂತ ಒಬ್ಬ ಮುದುಕಿ ನಮ್ಮದೇ ಕನ್ನಡದಲ್ಲಿ ಹೇಳಿದಳು. ಅಕ್ಕ ಒಂದೊಂದು ತೆನೆಯನ್ನೂ ಉಗುರಿನಿಂದ ಒತ್ತಿ ನೋಡಿ ಆರಿಸಿದಳು. ಬರುವಾಗ ಹನೂರಿನ ಮಿಲ್ಲಿನಲ್ಲಿ ನಿಲ್ಲಿಸಿ, ತರಿಯಾಗಿ ಒಡೆದುಕೊಡಿ ಅಂದೆವು.

ಮಿಲ್ಲಿನವನು ಚೀಲದೊಳಗೆ ಕೈಯಾಡಿಸಿ, "ದನಕ್ಕಾ ಸಾ? ಕೋಳಿಗಾ?" ಅಂತ ಕೇಳಿದ.

"ಬೆಂಗ್ಳೂರಿಂದ ಬರೋ ನೆಂಟ್ರಿಗೆ," ಅಂದಳು ಅಕ್ಕ. ಅವನು ಮೆಷೀನಿನ ಕಲ್ಲು ಸಡಿಲಿಸುತ್ತಾ ಅಕ್ಕನನ್ನು ಒಮ್ಮೆ ನೋಡಿದ.

ಮೊದಲ ಪಾತ್ರೆ ಗಂಟಾಯಿತು. ಎರಡನೆಯದರಲ್ಲಿ ಅಕ್ಕ ಅರ್ಧ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿದಳು, ರಾಗಿ ಅಂಬಲಿಗೆ ಹಾಕುವ ಹಾಗೆ. ಪುಸ್ತಕದಲ್ಲಿ ಹಾಗಿಲ್ಲ ಅಂದೆ. ಅವಳು ಒಲೆಯ ಮೇಲಿನ ಪಾತ್ರೆಯನ್ನು ಮಸಿಬಟ್ಟೆಯಿಂದ ಒತ್ತಿ ಹಿಡಿದು ಮುದ್ದೆ ಕೋಲು ತಿರುಗಿಸುತ್ತಲೇ ಇದ್ದಳು. ಅರ್ಧ ಗಂಟೆಗೆ ನನಗೆ ಕೋಲು ಕೊಟ್ಟಳು. ಹತ್ತು ನಿಮಿಷದಲ್ಲಿ ನನ್ನ ತೋಳು ಸೋತಿತು. ಅವಳು ಬೆವರು ಒರೆಸಿಕೊಂಡು ಮತ್ತೆ ಹಿಡಿದಳು. ಕೊನೆಗೆ ಅರಿಶಿನದ ಬಣ್ಣದ ಹಿಟ್ಟು ಪಾತ್ರೆಯ ಬದಿ ಬಿಟ್ಟು ಬಂತು. ಪುಸ್ತಕ ಹೇಳಿದಂತೆ ಮರದ ಹಲಗೆಯ ಮೇಲೆ ಸುರಿದು ಆರಲು ಬಿಟ್ಟೆವು. ಆರಿದ ಮೇಲೆ ಚಾಕು ಮುಟ್ಟಿಸಬೇಡಿ, ಬಿಗಿಯಾದ ದಾರದಿಂದ ಕತ್ತರಿಸಿ ಎಂದು ಆ ಇಟಲಿಯ ಹೆಂಗಸು ಬರೆದಿದ್ದಳು. ಮನೆಯಲ್ಲಿದ್ದ ಹೂ ಕಟ್ಟುವ ದಾರ ತುಂಡಾಯಿತು. ಅಕ್ಕ ಪಕ್ಕದ ಮನೆಗೆ ಹೋಗಿ ಹುರಿ ಮಾಡಿದ ರೇಷ್ಮೆ ಎಳೆ ಕೇಳಿ ತಂದಳು. ಎರಡೂ ತುದಿ ಬೆರಳಿಗೆ ಸುತ್ತಿಕೊಂಡು ಎಳೆದರೆ, ಬೆಣ್ಣೆ ಕುಯ್ದಂತೆ ಕುಯ್ದಿತು. ಆ ಹೋಳುಗಳನ್ನು ಕಾವಲಿಯ ಮೇಲೆ ಎಣ್ಣೆ ಸವರಿ ಎರಡೂ ಕಡೆ ಕೆಂಪಗೆ ಬೇಯಿಸಿದಳು. ಮೇಲೆ ಗರಿಗರಿ, ಒಳಗೆ ಮೆತ್ತಗೆ. ನೇಯುವ ಮನೆಗೂ ಒಂದು ತಟ್ಟೆ ಹೋಯಿತು.

ಇನ್ನು ಅದರ ಜೊತೆಗೇನು? ಹಳೇ ಪುಸ್ತಕದಲ್ಲಿ ಮಾಂಸದ ಗೊಜ್ಜು ಬಿಟ್ಟರೆ ಹೆಚ್ಚೇನಿರಲಿಲ್ಲ. ಅಕ್ಕ ಹೊಸ ಪುಸ್ತಕ ಎಳೆದುಕೊಂಡು ಕುಂಬಳಕಾಯಿಯ ಚಿತ್ರದ ಮೇಲೆ ಬೆರಳಿಟ್ಟಳು. ಸಿಪ್ಪೆ ಸಮೇತ ದೊಡ್ಡ ದೊಡ್ಡ ಹೋಳು, ಅಂಚು ಕಪ್ಪಾಗುವಂತೆ ಸುಟ್ಟದ್ದು, ಮೇಲೆ ಏನೇನೋ ಸುರಿದದ್ದು.

"ನಾವು ಕುಂಬ್ಳಕಾಯ್ನ ಬೇಯ್ಸಿ ಬೇಯ್ಸಿ ಸಾರಲ್ಲಿ ಮುಳುಗುಸ್ತೀವಿ. ಇವ್ಳು ನೋಡು, ಅದರ ಮಕಾನೇ ತೋರ್ಸವ್ಳೆ. ಇವ್ಳ ಗ್ಯಾನ ದೊಡ್ದು ಕಣ್ಲಾ. ಸಾಮಾನು ಯೋಳು."

ನಾನು ಓದಿದೆ. ಒಂದೊಂದಕ್ಕೂ ಅಕ್ಕ, "ಅದ್ ತೆಗುದ್ರೆ ಏನ್ ಕೆಡ್ತದೆ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳು ಮಾಡಿ ನೋಡಿದಳು. ಅದು ತೆಗೆದು ಒಮ್ಮೆ, ಇದು ತೆಗೆದು ಒಮ್ಮೆ. ಎರಡು ಸೋಮವಾರ ನಾನು ಕುಂಬಳಕಾಯಿ ಬಿಟ್ಟು ಬೇರೇನೂ ತಿನ್ನಲಿಲ್ಲ. ಹದಿನಾರು ಸಾಮಾನು ಐದಕ್ಕೆ ಇಳಿದವು: ಬೆಳ್ಳುಳ್ಳಿ, ಒಣಮೆಣಸಿನಕಾಯಿ, ನಿಂಬೆ, ಬೆಲ್ಲದ ಚೂರು, ಹುರಿದು ಕುಟ್ಟಿದ ಹುಚ್ಚೆಳ್ಳು.

ಇಲ್ಲಿ ನಮ್ಮಿಬ್ಬರಿಗೆ ಜಗಳವಾಯಿತು. ಮೇಷ್ಟರಾದ ನನಗೆ ಪಠ್ಯ ಬಿಟ್ಟು ಹೋಗುವುದು ಸರಿಯೆನಿಸಲಿಲ್ಲ. "ಐದು ಸಾಮಾನು ಹಾಕಿ ಅವಳ ಅಡುಗೆ ಅಂದರೆ ಮೋಸ ಆಗಲ್ವಾ ಅಕ್ಕ? ಮೇಡಂ ಒಂದು ಪುಸ್ತಕ ಹಿಡಿ ಅಂದವ್ರೆ. ನೀನು ಎರಡನ್ನೂ ಕಲಸ್ತಾ ಇದ್ದೀಯ. ಮೈಸೂರಿಂದ ಆ ಎಲೆ, ಎಣ್ಣೆ ಎಲ್ಲ ತರಿಸಾನ."

"ತರ್ಸಿದ್ ಎಲೆ ಬಸ್ಸಲ್ಲೇ ಬಾಡ್ತದೆ," ಅಂದಳು. ದನಿ ಏರಿರಲಿಲ್ಲ, ಆದರೆ ಅವಳು ಇನ್ನು ಕದಲುವುದಿಲ್ಲ ಅಂತ ನನಗೆ ಗೊತ್ತಾಯಿತು. "ಆ ತರ್ಕಾರಿ ಪುಸ್ತಕದೋಳು ಯಳಂದೂರಿಗೆ ಬಂದ್ರೆ ಏನ್ ಮಾಡೋಳು ಯೋಳು? ಸಂತೆಗ್ ಓಗಿ ಸಿಕ್ಕಿದ್ ತರೋಳು. ಆ ಇಟ್ಲಿಯೋಳ್ನೂ ಅಷ್ಟೇ, ಅವ್ಳ ಮನೆ ಹಿಂದೆ ಬೆಳ್ದಿದ್ರಲ್ಲೇ ಬೇಯ್ಸವ್ಳೆ. ಇಬ್ರೂ ಮಾಡಿರದನ್ನೇ ನಾನ್ ಮಾಡ್ತಾ ಇವ್ನಿ. ನೀನ್ ಸುಮ್ನೆ ಬೆಳ್ಳುಳ್ಳಿ ಸುಲಿ."

ನಾನು ಬೆಳ್ಳುಳ್ಳಿ ಸುಲಿದೆ. ಅಲ್ಲಿಯವರೆಗೆ ನನ್ನ ಕೈ ಬೆಳ್ಳುಳ್ಳಿ ಸುಲಿದಿರಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಸಂಕ್ರಾಂತಿಯ ರಜೆಗೆ ಅತಿಥಿಗೃಹ ತುಂಬಿತ್ತು. ಆ ಶನಿವಾರ ಮಧ್ಯಾಹ್ನವೇ ನಾನು ಹೋಗಿ ಸೇರಿದೆ. ಭಾವ ಹಿತ್ತಲಲ್ಲಿ ಕೆಂಡ ಮಾಡಿಕೊಟ್ಟ. ಅಕ್ಕ ಎರಡು ದೊಡ್ಡ ಪಾತ್ರೆಯಲ್ಲಿ ಜೋಳದ ಹಿಟ್ಟು ತೊಳಸಿದಳು. ಕುಂಬಳ ಕೆಂಡದ ಮೇಲೆ ಬೆಂದಿತು. ಹಳೇ ಪುಸ್ತಕದಲ್ಲಿ ಕಾಳು ಮತ್ತು ಕಹಿ ಸೊಪ್ಪಿನ ಒಂದು ತೆಳು ಸೂಪಿತ್ತು. ಕಾಳು ಬೆಂದ ನೀರನ್ನು ಚೆಲ್ಲಬಾರದು ಅಂತ ಆ ಇಟಲಿಯ ಹೆಂಗಸು ಎರಡೆರಡು ಸಲ ಬರೆದಿದ್ದಳು. ಬಸ್ಸಾರು ಬಸಿಯುವವರಿಗೆ ಅದನ್ನು ಹೇಳಿಕೊಡಬೇಕಿರಲಿಲ್ಲ. ಅಕ್ಕ ಅವರೆಕಾಳು, ನುಗ್ಗೆಸೊಪ್ಪು ಹಾಕಿ ಅದನ್ನು ಮಾಡಿದಳು.

ಬಡಿಸಿ ಬಂದ ಮೇಲೆ ಅಕ್ಕ ಅಡುಗೆಮನೆಯ ಬಾಗಿಲ ಸಂದಿಯಿಂದ ತಟ್ಟೆಗಳನ್ನು ನೋಡುತ್ತಾ ನಿಂತಳು, ಮುಖಗಳನ್ನಲ್ಲ. ಕುಂಬಳದ ತಟ್ಟೆ ಮೊದಲು ಖಾಲಿಯಾಯಿತು. ಜೋಳದ ಹೋಳನ್ನು ಒಬ್ಬಾಕೆ ಮೂರು ಸಲ ಕೇಳಿ ಹಾಕಿಸಿಕೊಂಡರು. ಒಬ್ಬ ಹಿರಿಯರು ಅದಕ್ಕೆ ತುಪ್ಪ ಕೇಳಿದರು, ಕೊಟ್ಟೆವು. ಸೂಪು ಮಾತ್ರ ನಾಲ್ಕೈದು ಬಟ್ಟಲಲ್ಲಿ ಅರ್ಧಕ್ಕೇ ನಿಂತಿತು. ಸೊಪ್ಪಿನ ಕಡ್ಡಿಗಳನ್ನು ಜನ ಅಂಚಿಗೆ ಸರಿಸಿದ್ದರು.

ಮೇಡಂ ತಮ್ಮ ತಟ್ಟೆ ಹಿಡಿದುಕೊಂಡೇ ಒಳಗೆ ಬಂದರು.

"ಇದು ಯಾವ ಪುಸ್ತಕದ್ದಮ್ಮ?"

"ಕೈ ಹಳೇ ಪುಸ್ತಕದ್ದು, ತರ್ಕಾರಿ ಹೊಸ ಪುಸ್ತಕದ್ದು, ಜ್ವಾಳ ಒಡೆಯರಪಾಳ್ಯದ್ದು ಮೇಡಂ."

"ಒಂದನ್ನ ಹಿಡಿ ಅಂದಿದ್ದೆ."

"ಒಂದು ಹಿಡುದ್ರೆ ಆಗಾಕಿಲ್ಲ ಮೇಡಂ. ಹಳೇದು ಕಮ್ಮಿ ಸಾಮಾನಲ್ಲಿ ಎಂಗ್ ಬೇಯ್ಸದು ಅಂತ ಯೋಳ್ತದೆ, ಆದ್ರೆ ತರ್ಕಾರಿಗೆ ಜಾಗ ಕೊಡಲ್ಲ. ಹೊಸದು ಜಾಗ ಕೊಡ್ತದೆ, ಸಾಮಾನು ನಮ್ಮಲ್ಲಿ ಸಿಗಲ್ಲ. ಎರಡೂ ಬೇಕು." ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಮೈಸೂರಿನೋರು ಬರ್ಲಿ, ಬ್ಯಾಡ ಅನ್ನಲ್ಲ. ಶನಿವಾರದ ಅಡ್ಗೆ ಮಾತ್ರ ನಾನು ಬುಡಾಕಿಲ್ಲ."

ಮೇಡಂ ನನ್ನ ಕಡೆ ನೋಡಿದರು. ನಾನು ಅಕ್ಕನ ಕಡೆ ಕೈ ತೋರಿಸಿದೆ. ಅವರು ಕಾವಲಿಯ ಮೇಲೆ ಉಳಿದಿದ್ದ ಜೋಳದ ಹೋಳಿನ ಗರಿ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡು ಅಗಿದರು.

"ಸೂಪಲ್ಲಿ ಕಡ್ಡಿ ಜಾಸ್ತಿ ಇತ್ತು," ಅಂದರು.

"ಗೊತ್ತು. ಮುಂದಿನ್ ವಾರ ಇರಲ್ಲ."

"ಸರಿ. ಶನಿವಾರ ನಿಂದು."

ಮೈಸೂರಿನ ಬಾಣಸಿಗನೂ ಬಂದ. ಕೆಟ್ಟವನೇನಲ್ಲ, ಮೂರು ತಿಂಗಳು ಇದ್ದ. ಈರುಳ್ಳಿಯನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೆಚ್ಚುವ ಅವನ ಚಾಕುವಿನ ಹಿಡಿತವನ್ನು ಅಕ್ಕ ಕಲಿತಳು. ಹಿಟ್ಟು ತೊಳಸುವುದನ್ನು ಅವನು ಅಕ್ಕನಿಂದ ಕಲಿಯಲು ನೋಡಿದ, ತೋಳು ತಡೆಯಲಿಲ್ಲ. ಆಮೇಲೆ ಬೇರೆ ಕಡೆ ಕೆಲಸ ಸಿಕ್ಕಿ ಹೋದ. ಮೇಡಂ ಅವನ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಲಿಲ್ಲ.

ಊಟದ ಕೋಣೆಯ ಹೊರಗೆ ಈಗ ಒಂದು ಕಪ್ಪು ಹಲಗೆ ಇದೆ. ಶನಿವಾರದ ಅಡುಗೆಯನ್ನು ಅಕ್ಕನೇ ಅದರ ಮೇಲೆ ಬರೆಯುತ್ತಾಳೆ, ಏಳನೇ ತರಗತಿಯ ದುಂಡಕ್ಷರದಲ್ಲಿ: "ಜೋಳದ ಹಿಟ್ಟು, ಸುಟ್ಟ ಕುಂಬಳಕಾಯಿ." ಇಟಲಿಯ ಹೆಸರು ಬರೆದರೆ ಬಂದವರಿಗೆ ಖುಷಿಯಾಗುತ್ತೆ ಅಂತ ಮೇಡಂ ಎರಡು ಸಲ ಹೇಳಿ ನೋಡಿದರು. ಏನಿದು ಅಂತ ಗೊತ್ತಿಲ್ಲದವರು ಬಂದು ಕೇಳಲಿ, ಹೇಳ್ತೀನಿ ಅಂತ ಅಕ್ಕ. ಕೇಳುತ್ತಾರೆ ಕೂಡ. ಹೇಳುತ್ತಾಳೆ.

ನಮ್ಮ ಸೋಮವಾರಗಳು ನಿಂತಿಲ್ಲ. ಹಳೇ ಪುಸ್ತಕದ ತರಕಾರಿ ಅಧ್ಯಾಯದಲ್ಲಿ ಒಂದು ಮುಳ್ಳು ಗಿಡದ ಮೊಗ್ಗಿನ ಅಡುಗೆಯಿದೆ. ಅದರ ಒರಟು ಹೊರ ಎಸಳುಗಳನ್ನು ಒಂದೊಂದಾಗಿ ಬಿಡಿಸಿ ಎಸೆಯಬೇಕು, ಒಳಗಿನ ಎಳೆಯ ಭಾಗ ಕಪ್ಪಾಗದಂತೆ ತಕ್ಷಣ ನಿಂಬೆಹುಳಿಯ ನೀರಿಗೆ ಹಾಕಬೇಕು. ಹೋದ ವಾರ ನಾನು ಇಷ್ಟು ಓದಿ, ಈ ಮೊಗ್ಗು ನಮ್ಮಲ್ಲಿ ಸಿಗುವುದಿಲ್ಲ, ಮುಂದಿನ ಪುಟಕ್ಕೆ ಹೋಗೋಣವೇ ಅಂತ ಕೇಳಿದೆ. ಅಕ್ಕ ಎದ್ದು ಹಿತ್ತಲಿಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಬಾಳೆಹೂವಿತ್ತು. ಕೆನ್ನೀಲಿ ಹಾಳೆಗಳನ್ನು ಕಿತ್ತು ಕಿತ್ತು ನನ್ನ ಮುಂದೆ ಹಾಕುತ್ತಾ, "ಮಜ್ಗೆ ಬಟ್ಲು ತತ್ತಾ," ಅಂದಳು. "ತಂದು, ಮಿಕ್ಕಿದ್ ಓದು."